ಕಿವಿಯಿಂದ ಕೈಗೆ: ಹವಾಯಿ ಗಿಟಾರಿನ ಹಳೆಯ ಮಟ್ಟುಗಳು

1834ರಿಂದ 1948ರವರೆಗೆ ಹವಾಯಿ ದ್ವೀಪಗಳಲ್ಲಿ ಅಲ್ಲಿನ ಜನರ ಭಾಷೆಯಲ್ಲೇ ನೂರರ ಹತ್ತಿರ ಪತ್ರಿಕೆಗಳು ಹೊರಬಂದವು. ಪತ್ರಿಕೋದ್ಯಮ ಓದಿದ ನಮಗೆ ಆ ನೆಲದ ಮೇಲೆ ಅಕ್ಕರೆ ಹುಟ್ಟಲು ಇದೊಂದೇ ಸಂಗತಿ ಸಾಕು. ಅರಮನೆಯ ಸುದ್ದಿ, ಸಾವಿನ ಸುದ್ದಿ, ಹಡಗಿನ ಸುದ್ದಿಯ ಜೊತೆ ಹಾಡುಗಳೂ ಅಚ್ಚಾಗುತ್ತಿದ್ದವು. ಹೀಗೆ ಎಷ್ಟೋ ಹಾಡಿನ ಮಾತು ಕಾಗದದ ಮೇಲೆ ಉಳಿಯಿತು. ಮಟ್ಟು ಮಾತ್ರ ಹೆಚ್ಚಾಗಿ ಬಾಯಿ, ಕಿವಿಗಳ ಪಾಲಾಯಿತು. ಎಲ್ಲರಿಗೂ ಗೊತ್ತಿರುವ ಮಟ್ಟನ್ನು ಯಾರು ತಾನೇ ಬರೆದಿಡುತ್ತಾರೆ?

ಗೊತ್ತಿದ್ದವರು ಕಡಿಮೆಯಾಗುತ್ತ ಬಂದ ಕಾಲವೂ ಅದೇ. 1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಲಿಕೆಯ ಭಾಷೆಯಾಗಿಸಿ ಕಾನೂನು ಬಂತು. 1898ರಲ್ಲಿ ಅಮೆರಿಕ ಆ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ನಾಡು ಕೈತಪ್ಪುತ್ತಿದ್ದ ಇದೇ ವರ್ಷಗಳಲ್ಲಿ ಅಲ್ಲಿನ ಹುಡುಗರ ಕೈಯಲ್ಲಿ ಹೊಸ ವಾದನವೊಂದು ಕುದುರುತ್ತಿತ್ತು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಮೇಲೆತ್ತಿ ಕಟ್ಟಿ, ಬೆರಳಿನಿಂದ ಒತ್ತುವ ಬದಲು ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸುವ ಪದ್ಧತಿ.

ಇದನ್ನು ಕಂಡುಹಿಡಿದವನು ಓವಾಹು ದ್ವೀಪದ ಲಾಯಿಯೆ ಎಂಬ ಹಳ್ಳಿಯ ಜೋಸೆಫ್ ಕೆಕುಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹುಟ್ಟಿದ್ದು 1874ರಲ್ಲಿ. ರೈಲು ಹಳಿಯ ಮೇಲೆ ನಡೆಯುವಾಗ ಸಿಕ್ಕ ಬೋಲ್ಟೊಂದನ್ನು ಎತ್ತಿಕೊಂಡು ತಂತಿಗೆ ತಾಗಿಸಿದ, ಆಗಿನ್ನೂ 11 ವರ್ಷ ಎಂಬ ಕಥೆಯಿದೆ. ವರದಿಗಾರರ ಚಾಳಿ, ನಾವು ತಾರೀಖು ತಾಳೆ ನೋಡಿದೆವು. ಓವಾಹುದ ಸಾರ್ವಜನಿಕ ರೈಲು ಓಡತೊಡಗಿದ್ದು 1889ರಲ್ಲಿ, ಆಗ ಅವನಿಗೆ 15ರ ಹತ್ತಿರ ಆಗಿರಬೇಕು. ಗೇಬ್ರಿಯಲ್ ಡೇವಿಯನ್ ಎಂಬ ಇನ್ನೊಂದು ಹೆಸರೂ ಈ ಚರಿತ್ರೆಯಲ್ಲಿ ಬರುತ್ತದೆ. ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಹವಾಯಿ ಸೇರಿದವನಂತೆ, ಕೆಕುಕುವಿಗೂ ಮೊದಲೇ ಹೀಗೆ ನುಡಿಸುತ್ತಿದ್ದನಂತೆ. ನಮ್ಮ ಗೋಟುವಾದ್ಯದಲ್ಲೂ ವಿಚಿತ್ರವೀಣೆಯಲ್ಲೂ ತಂತಿಯ ಮೇಲೆ ಜಾರಿಸುವುದೇ ಕ್ರಮವಾದ್ದರಿಂದ ಈ ಮಾತು ಕೇಳಲು ಹಿತ. ಆದರೆ ಹಿತವೆಂಬ ಕಾರಣಕ್ಕೆ ನಂಬಲಾಗದು. ಈ ವಾದನವನ್ನು ಊರೂರಿಗೆ ಒಯ್ದವನು ಕೆಕುಕು ಎಂಬುದಂತೂ ಗಟ್ಟಿ. 1904ರಲ್ಲಿ ದ್ವೀಪ ಬಿಟ್ಟವನು ಮರಳಲಿಲ್ಲ. 1932ರಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮಹಾ ವಸ್ತುಪ್ರದರ್ಶನದಲ್ಲಿ ಹವಾಯಿ ಮಂಟಪಕ್ಕೆ ಜನ ಮುಗಿಬಿದ್ದ ಮೇಲೆ ಗ್ರಾಮಫೋನ್ ಕಂಪನಿಗಳು ಈ ಸಂಗೀತದ ಹಿಂದೆ ಬಿದ್ದವು. ಫ್ರಾಂಕ್ ಫೆರೇರಾ ತಟ್ಟೆಯ ಮೇಲೆ ತಟ್ಟೆ ನುಡಿಸಿದ. 1919ರಲ್ಲಿ ಹಡಗಿನಲ್ಲಿ ಅಡಗಿ ಕುಳಿತು ಅಮೆರಿಕಕ್ಕೆ ಬಂದಿಳಿದ ಸಾಲ್ ಹೂಪೀ, ಜಾಝ್ ಸಂಗೀತವನ್ನು ಉಕ್ಕಿನ ತುಂಡಿನಡಿ ಕುಣಿಸಿದ. ಬಹಳಷ್ಟು ಮಟ್ಟುಗಳು ಆ ನುಡಿಸಾಣಿಕೆಯ ರೂಪದಲ್ಲಿ ಉಳಿದಿರುವುದು ಈ ತಟ್ಟೆಗಳಲ್ಲೇ. ಒಂದು ಬದಿಗೆ ಸುಮಾರು ಮೂರು ನಿಮಿಷ, ಅಷ್ಟೇ.

ಈ ಮೂರು ನಿಮಿಷವನ್ನು ಕೈಗಿಳಿಸುವುದು ಹೇಗೆ? ಹಳೆಯ ತಟ್ಟೆ ಕೇಳಿ ಕಲಿಯುವವರಿಗೆ ಮೊದಲು ಎದುರಾಗುವುದು ವೇಗದ ತೊಡಕು. 78 ಸುತ್ತಿನ ತಟ್ಟೆ ಎನ್ನುತ್ತೇವಾದರೂ ಆರಂಭದ ದಿನಗಳಲ್ಲಿ ಎಲ್ಲವನ್ನೂ ಸರಿಯಾಗಿ 78ರಲ್ಲೇ ಮುದ್ರಿಸುತ್ತಿರಲಿಲ್ಲ. ನಿಮಿಷಕ್ಕೆ ನಾಲ್ಕೈದು ಸುತ್ತು ಹೆಚ್ಚಾದರೆ ಸಾಕು, ಇಡೀ ಹಾಡು ಅರ್ಧ ಸ್ವರ ಮೇಲೇರುತ್ತದೆ. ಗಾಯಕನ ದನಿ ಹುಡುಗನ ದನಿಯಂತೆ ಕೇಳಿದರೆ ಅನುಮಾನಿಸಬೇಕು. ಶ್ರುತಿ ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದಿದ್ದರೂ ಅನುಮಾನಿಸಬೇಕು.

ಎರಡನೆಯದು ತಂತಿಗಳ ಹೊಂದಿಕೆ. ಹಳೆಯ ಹೊಂದಿಕೆಗಳಲ್ಲಿ ಒಂದು ಹೀಗಿದೆ: ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಇ, ಎ, ಇ, ಎ, ಸಿ ಶಾರ್ಪ್, ಇ. ಸರಳು ಮುಟ್ಟಿಸದೆ ಮೀಟಿದರೆ ಎ ಮೇಜರ್. ಐದನೇ ಫ್ರೆಟ್ಟಿನ ಮೇಲೆ ನೇರವಾಗಿಟ್ಟರೆ ಡಿ ಮೇಜರ್, ಏಳನೆಯದರ ಮೇಲೆ ಇ ಮೇಜರ್. ಸರಳು ನೇರವಾದ್ದರಿಂದ ಅದನ್ನು ನೆಟ್ಟಗೆ ಇಡಬಹುದು, ಇಲ್ಲವೇ ಓರೆಯಾಗಿಸಬಹುದು. ಐದು ಬೆರಳು ಐದು ಕಡೆ ಹೋದಂತೆ ಅದು ಹೋಗಲಾರದು. ಪತ್ತೆದಾರಿಗೆ ಸುಳಿವು ಸಿಗುವುದು ಇಲ್ಲೇ. ತಟ್ಟೆಯಲ್ಲಿ ಮೂರು ಸ್ವರ ಒಟ್ಟಿಗೆ ಕೇಳಿಸಿ, ಅವು ನೇರ ಸರಳಿಗೂ ಓರೆ ಸರಳಿಗೂ ದಕ್ಕದಿದ್ದರೆ, ನುಡಿಸಿದವನ ಹೊಂದಿಕೆ ನಾವು ಊಹಿಸಿದ್ದಲ್ಲ ಎಂದರ್ಥ. ಕೈಗೆ ಸಾಧ್ಯವಿಲ್ಲದ್ದನ್ನು ಕಿವಿ ಕೇಳಿದ್ದರೆ ಇನ್ನೊಮ್ಮೆ ಕೇಳಬೇಕು.

ಟೇಪ್ ಬಂದ ಮೇಲೆ ಅರ್ಧ ವೇಗದಲ್ಲಿ ಓಡಿಸಿ ಕೇಳುವ ದಾರಿ ಸಿಕ್ಕಿತು. ಆಗ ಮಟ್ಟು ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಈಗ ಮೊಬೈಲಿನಲ್ಲೇ ಶ್ರುತಿ ಕೆಡದಂತೆ ನಿಧಾನ ಮಾಡಬಹುದು. ಬರೆದಿಡುವಾಗ ಆರು ತಂತಿಗೆ ಆರು ಗೆರೆ ಎಳೆದು ಫ್ರೆಟ್ಟಿನ ಅಂಕಿ ಹಾಕುತ್ತಾರೆ. ಆದರೆ ಐದರಿಂದ ಏಳಕ್ಕೆ ಜಾರುವಾಗ ಎಲ್ಲಿ ತಡೆದ, ಎಲ್ಲಿ ನಡುಗಿಸಿದ ಎಂಬುದು ಅಂಕಿಗೆ ದಕ್ಕುವುದಿಲ್ಲ. ಗಮಕವನ್ನು ಸ್ವರಲಿಪಿಯಿಂದ ಕಲಿಯಲು ಹೊರಟವರಿಗೆ ಈ ಕಷ್ಟ ಗೊತ್ತು.

ಹವಾಯಿಯ ಹಳೆಯ ವಾದಕರು ಬರೆದುಕೊಡುತ್ತಿರಲಿಲ್ಲ, ಸುಲಭಕ್ಕೆ ತೋರಿಸುತ್ತಲೂ ಇರಲಿಲ್ಲ. ತಮ್ಮ ಹೊಂದಿಕೆ ಬೇರೆಯವರಿಗೆ ತಿಳಿಯಬಾರದೆಂದು ಕಛೇರಿ ಮುಗಿದೊಡನೆ ತಂತಿ ಸಡಿಲಿಸುತ್ತಿದ್ದವರ ಕಥೆಗಳಿವೆ. ವಿದ್ಯೆಯೇ ಅನ್ನವಾದವರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಆದರೆ 1970ರ ಹೊತ್ತಿಗೆ ಅಲ್ಲಿನ ಹುಡುಗರಲ್ಲಿ ಇದನ್ನು ನುಡಿಸುವವರೇ ವಿರಳವಾಗಿದ್ದರು. ಆಗ ಬಂದವನು ಒಹಾಯೊ ರಾಜ್ಯದ ಜೆರ್ರಿ ಬರ್ಡ್. ಹುಡುಗನಾಗಿದ್ದಾಗ ತನ್ನೂರಿನ ಡೇರೆ ಪ್ರದರ್ಶನದಲ್ಲಿ ಹವಾಯಿ ಮೇಳವನ್ನು ಕೇಳಿ ಮರುಳಾದವನು. 1972ರಲ್ಲಿ ಹವಾಯಿಗೆ ಹೋಗಿ ನೆಲೆಸಿ, ಅಲ್ಲಿನ ಮಕ್ಕಳಿಗೇ ಅವರ ವಾದ್ಯವನ್ನು ಕಲಿಸಿದ. ಅವನ ಶಿಷ್ಯ ಅಲನ್ ಅಕಾಕಾ ಇವತ್ತು ಅಲ್ಲಿ ಗುರು.

ಇಂಥದ್ದೇ ಇನ್ನೊಂದು ಕಥೆಗೆ ನಮ್ಮ ದೇಶದ ನಂಟಿದೆ. ಸಮೋವಾದಲ್ಲಿ ಹುಟ್ಟಿ, ಕೆಕುಕುವಿನ ಊರಾದ ಲಾಯಿಯೆಯಲ್ಲೇ ಬೆಳೆದ ಟಾವ್ ಮೋ 1929ರಲ್ಲಿ ಟೋಕಿಯೊದಲ್ಲಿ ಮೇಳವೊಂದರ ಜೊತೆ ತಟ್ಟೆ ಮುದ್ರಿಸಿದ. ಹೆಂಡತಿ ರೋಸ್ ಜೊತೆ ದೇಶ ಸುತ್ತುತ್ತ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ. ಅಲ್ಲಿನ ಗಾರ್ನಿ ನಿಸ್ ಅವನಿಂದ ಕಲಿತ. ಕಲ್ಕತ್ತೆಯಲ್ಲಿ ಹವಾಯಿಯನ್ ಗಿಟಾರಿನ ಮೇಲೆ ಬಂಗಾಳಿ ಹಾಡು, ಸಿನಿಮಾ ಹಾಡು ನುಡಿಸುವ ದೊಡ್ಡ ಪರಂಪರೆಯೇ ಬೆಳೆಯಿತು. ಬ್ರಿಜ್‌ಭೂಷಣ್ ಕಾಬ್ರಾ ಅದೇ ವಾದ್ಯಕ್ಕೆ ರಾಗ ಕಲಿಸಿದರು. ಇವತ್ತು ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಕೈಯಲ್ಲೂ ಗಿಟಾರು ಮಲಗಿಯೇ ಹಾಡುತ್ತದೆ.

ಟಾವ್ ಮೋ ಮುಪ್ಪಿನಲ್ಲಿ ಲಾಯಿಯೆಗೆ ಮರಳಿದ. 1980ರ ದಶಕದಲ್ಲಿ, ಹಳೆಯ ಹವಾಯಿ ಹಾಡು ನುಡಿಸುವ ಬಾಬ್ ಬ್ರೋಝ್‌ಮನ್ ಎಂಬ ಅಮೆರಿಕದ ವಾದಕನಿಗೆ ಒಂದು ಪತ್ರ ಬಂತು. ಸಹಿ ನೋಡಿದರೆ ಟಾವ್ ಮೋ! ತಟ್ಟೆಯ ಮೇಲಿನ ಹೆಸರು ಬದುಕಿರುವ ಮನುಷ್ಯನಾಗಿ ಎದುರು ಬಂದಿತ್ತು. 1989ರಲ್ಲಿ ಮೋ ಕುಟುಂಬವೂ ಬ್ರೋಝ್‌ಮನ್ನನೂ ಸೇರಿ, 60 ವರ್ಷದ ಹಿಂದಿನ ಆ ಹಾಡುಗಳನ್ನು ಮತ್ತೆ ಧ್ವನಿಮುದ್ರಿಸಿ ಹೊರತಂದರು.

ತಟ್ಟೆ ಕೇಳಿ ಕಲಿಯುವ ಎಲ್ಲರಿಗೂ ಈ ಭಾಗ್ಯವಿಲ್ಲ. ಹೆಚ್ಚಿನ ವಾದಕರು ಕೇಳಲು ಸಿಗದಷ್ಟು ದೂರ ಹೋಗಿದ್ದಾರೆ. ಸಂದರ್ಶನದ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದೂ ಹೌದು. ಮಾತು ಕೇಳಿಸದ ಕಡೆ ಚುಕ್ಕಿ ಇಟ್ಟು ಬಿಡಬೇಕು, ನಮ್ಮ ಮಾತು ತುಂಬಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಸೂಜಿಯ ಗರಗರದಲ್ಲಿ ಮುಳುಗಿದ ಸ್ವರಕ್ಕೂ ಅದೇ ನ್ಯಾಯ ಸಲ್ಲಬೇಕು. ಬರೆದಿಡುವವರು ಎಲ್ಲಿ ಕೇಳಿಸಿತು, ಎಲ್ಲಿ ಊಹಿಸಿದೆ ಎಂದು ಗುರುತು ಹಾಕಿಟ್ಟರೆ, ಮುಂದೆ ಬರುವ ಒಳ್ಳೆಯ ಕಿವಿಯೊಂದು ಅಲ್ಲಿಂದ ಕೆಲಸ ಮುಂದುವರಿಸುತ್ತದೆ. ಮಟ್ಟಿನ ಜೊತೆ ನುಡಿಸಿದವನ ಹೆಸರು, ಅವನ ಊರಿನ ಹೆಸರನ್ನೂ ಬರೆದಿಡುವುದು ಅಷ್ಟೇ ಮುಖ್ಯ.