ಮಾತು ಮುಳುಗುವ ಹಾಡುಗಳು

ಮಹಾಪೆಯಿಂದ ಡೊಂಬಿವಲಿ ಕಡೆ ಹೊರಟ ಕಂಪನಿ ಬಸ್ಸು ಶಿಲ್‌ಫಾಟಾದಲ್ಲಿ ನಿಂತರೆ ನಿಂತಂತೆಯೇ. ಟ್ರೇಲರ್‌ಗಳು, ಟ್ಯಾಂಕರ್‌ಗಳು, ನಡುವೆ ತಲೆ ತೂರಿಸುವ ರಿಕ್ಷಾಗಳು. ಅಲ್ಲಿ ಕಳೆದುಹೋದ ಸಂಜೆಗಳನ್ನು ಲೆಕ್ಕ ಹಾಕಿದರೆ ಒಂದು ಡಿಗ್ರಿ ಮುಗಿಸಬಹುದಿತ್ತು. ಅಂಥದೇ ಒಂದು ಸಂಜೆ ಪಕ್ಕದ ಸೀಟಿನ ಹುಡುಗ, ಬೆಂಗಳೂರಿನವನು, ನಮ್ಮ ಟೀಮಿಗೆ ಹೊಸಬ, ಒಂದು ಕಿವಿಯ ಇಯರ್‌ಫೋನ್ ತೆಗೆದು ನನ್ನ ಕಡೆ ಚಾಚಿದ. "ಕೇಳಿ ಸರ್, ಸ್ಲೋಡೈವ್‌ದು. ಹೊಸ ಆಲ್ಬಮ್."

ಕೇಳಿದೆ. ಗಿಟಾರ್ ಇದೆ ಅಂತ ಅವನು ಹೇಳಿದ್ದಕ್ಕೆ ಗೊತ್ತಾಯಿತು. ನನಗೆ ಕೇಳಿಸಿದ್ದು ಮಳೆಗಾಲದಲ್ಲಿ ಪಾರ್ಸಿಕ್ ಗುಡ್ಡದ ಮೇಲೆ ಕೂರುವ ಮಂಜಿನಂಥದ್ದು ಏನೋ. ಅದರೊಳಗೆ ಎಲ್ಲೋ ಒಂದು ಗಂಡು ದನಿ, ಒಂದು ಹೆಣ್ಣು ದನಿ.

"ಏನ್ ಹಾಡ್ತಿದಾರಪ್ಪ ಇವರು?"

"ಗೊತ್ತಾಗಲ್ಲ ಸರ್. ಗೊತ್ತಾಗಬಾರದು."

ಆ 'ಗೊತ್ತಾಗಬಾರದು' ನನ್ನನ್ನು ಕೆಣಕಿತು. ನಾನು ಶಿಗ್ಗಾವಿ ಕಡೆಯವನು. ಶರೀಫಜ್ಜನ ಊರು ಶಿಶುವಿನಹಾಳ ನಮಗೆ ದೂರವಲ್ಲ. ಅಲ್ಲಿ ಹಾಡು ಅಂದರೆ ಮಾತು, ಅದಕ್ಕೇ ನಾವು 'ಪದ ಹಾಡು' ಅನ್ನುತ್ತೇವೆ. ಮಾತೇ ಕೇಳಬಾರದು ಅನ್ನುವ ಹಾಡು ಎಲ್ಲಿಂದ ಹುಟ್ಟಿತು, ಯಾರು ಹುಟ್ಟಿಸಿದರು ಅಂತ ಆಮೇಲೆ ಬಸ್ಸಿನಲ್ಲೇ ಓದುತ್ತಾ, ಕೇಳುತ್ತಾ ಹೋದೆ. ಹುಡುಗ ಈ ಬಗೆಗೆ ಡ್ರೀಮ್ ಪಾಪ್ ಅನ್ನುತ್ತಾನೆ. ಸದ್ದು ಇನ್ನೂ ಜೋರಾದರೆ ಶೂಗೇಜ್. ಎರಡರ ನಡುವಿನ ಗೆರೆ ಅವನಿಗೂ ಅಷ್ಟು ಸ್ಪಷ್ಟವಿಲ್ಲ.

ಮೊದಲು ಎದುರಾದದ್ದು ಒಂದು ಊರು: ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್. ತೈಲ ಶುದ್ಧೀಕರಣದ ಊರು. ಚಿಮಣಿ, ಪೈಪು, ರಾತ್ರಿಯಿಡೀ ಉರಿಯುವ ಬೆಂಕಿ. 1924ರಲ್ಲಿ ಶುರುವಾದ ಅಲ್ಲಿನ ರಿಫೈನರಿ 2025ರಲ್ಲಿ ಕೆಲಸ ನಿಲ್ಲಿಸಿತು. ಆ ಊರಿನ ಹುಡುಗರು 1979ರಲ್ಲಿ ಕಟ್ಟಿದ ಬ್ಯಾಂಡ್ ಕಾಕ್ಟೋ ಟ್ವಿನ್ಸ್. ಗಿಟಾರಿಗೆ ರಾಬಿನ್ ಗಥ್ರಿ, ಹಾಡಲಿಕ್ಕೆ ಎಲಿಜಬೆತ್ ಫ್ರೇಜರ್. ಇದನ್ನು ಓದುವಾಗ ಬಸ್ಸು ಠಾಣೆ-ಬೇಲಾಪುರ ರಸ್ತೆಯ ಹತ್ತಿರವೇ ಇತ್ತು. 1960ರ ದಶಕದಲ್ಲಿ ಎಂಐಡಿಸಿ ಖಾಡಿಯ ಈಚೆ ದಡದಲ್ಲಿ ಎಬ್ಬಿಸಿದ ಕೈಗಾರಿಕಾ ಪ್ರದೇಶದಲ್ಲೂ ರಾಸಾಯನಿಕ ಕಾರ್ಖಾನೆಗಳದ್ದೇ ರಾಜ್ಯ. ಮಿಲೇನಿಯಂ ಬಿಸಿನೆಸ್ ಪಾರ್ಕಿನ ಗಾಜಿನ ಕಟ್ಟಡಗಳು ಬಂದದ್ದು ಬಹಳ ತಡವಾಗಿ. ಈಗಲೂ ಕೆಲವು ರಾತ್ರಿ ಶಿಫ್ಟ್ ಮುಗಿಸಿ ಹೊರಗೆ ಬಂದರೆ ಮೂಗಿಗೆ ಬಡಿಯುವ ವಾಸನೆ ಸಾಫ್ಟ್‌ವೇರಿನದ್ದಲ್ಲ. ಇಂಥ ಊರಿನಲ್ಲಿ ಕನಸಿನ ಸಂಗೀತ ಹುಟ್ಟಿತು ಅಂದರೆ ನಂಬುವುದು ನನಗೆ ಕಷ್ಟವಾಗಲಿಲ್ಲ.

ಗಥ್ರಿ ಮಾಡಿದ್ದು ಇಷ್ಟು. ಗಿಟಾರಿನ ತಂತಿ ಮೀಟಿದ ಸದ್ದನ್ನು ನೇರವಾಗಿ ಬಿಡದೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾಯಿಸಿದ. ಒಂದು ಪೆಟ್ಟಿಗೆ ಸದ್ದನ್ನು ತಡವಾಗಿ ಮರಳಿಸುತ್ತದೆ, ಇನ್ನೊಂದು ಗುಡಿಯೊಳಗೆ ಹಾಡಿದಂತೆ ಅನುರಣನ ಕೊಡುತ್ತದೆ, ಮತ್ತೊಂದು ಅದೇ ಸ್ವರವನ್ನು ಕೂದಲೆಳೆಯಷ್ಟು ಅಪಶ್ರುತಿಯಲ್ಲಿ ಅದರ ಮೇಲೇ ಹೊದಿಸುತ್ತದೆ. ಮೀಟಿದ ಪೆಟ್ಟು ಅಳಿದು ಉಳಿಯುವುದು ಅದರ ಗುಂಗು ಮಾತ್ರ. ಡ್ರೀಮ್ ಪಾಪ್‌ಗೆ ಕನ್ನಡದಲ್ಲಿ ಒಂದು ಹೆಸರು ಬೇಕಾದರೆ ನಾನು 'ಗುಂಗು' ಅಂತಲೇ ಇಡುತ್ತೇನೆ. ಫ್ರೇಜರ್ ಇನ್ನೂ ಮುಂದೆ ಹೋದಳು. ತನಗೆ ಬಾರದ ಭಾಷೆಗಳ ಪುಸ್ತಕಗಳಿಂದ, ನಿಘಂಟುಗಳಿಂದ ಪದ ಆಯ್ದು, ಅರ್ಥ ನೋಡದೆ, ನಾಲಿಗೆಗೆ ಹಿತವಾದದ್ದನ್ನು ಹಾಡಿದಳು. 1984ರ 'ಟ್ರೆಷರ್' ಕೇಳಿದರೆ ಇಂಗ್ಲಿಷಿನವರಿಗೂ ಅದು ಪರಭಾಷೆಯೇ. 1990ರ 'ಹೆವನ್ ಆರ್ ಲಾಸ್ ವೇಗಸ್' ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮಾತು ಮೇಲೆ ತೇಲಿ ಬರತೊಡಗಿತು.

ಇನ್ನೊಂದು ಕತೆ ನಮ್ಮಂಥವರಿಗೆ ಹೆಚ್ಚು ಹತ್ತಿರದ್ದು. 'ಡ್ರೀಮ್ ಪಾಪ್' ಅನ್ನುವ ಹೆಸರನ್ನು ಬಳಕೆಗೆ ತಂದವನು ಅಲೆಕ್ಸ್ ಆಯೂಲಿ ಅನ್ನುತ್ತಾರೆ. ಎ.ಆರ್. ಕೇನ್ ಅನ್ನುವ ಇಬ್ಬರ ಬ್ಯಾಂಡಿನಲ್ಲಿ ಒಬ್ಬ; ಇನ್ನೊಬ್ಬ ರೂಡಿ ಟಂಬಾಲ. ಇಬ್ಬರೂ ಪೂರ್ವ ಲಂಡನ್ನಿನಲ್ಲಿ ಬೆಳೆದ ಕಪ್ಪು ಹುಡುಗರು, ಆಫ್ರಿಕಾದಿಂದ ವಲಸೆ ಬಂದ ಕುಟುಂಬಗಳವರು. ಆಯೂಲಿ ಹಗಲು ಜಾಹೀರಾತು ಕಂಪನಿಯಲ್ಲಿ ಕಾಪಿರೈಟರ್. ಅಂದರೆ ಮಾತನ್ನು ಸ್ಪಷ್ಟ ಮಾಡಿ ಮಾರುವುದೇ ಅವನ ನೌಕರಿ; ಅದೇ ಮಾತನ್ನು ಹಾಡಿನಲ್ಲಿ ಕರಗಿಸುವುದು ಅವನ ಬಿಡುವು. 1988ರಲ್ಲಿ ಅವರ ಮೊದಲ ಆಲ್ಬಮ್ '69' ಬಂತು. ಕಪ್ಪು ಹುಡುಗರೆಂದರೆ ರೆಗೆ ಅಥವಾ ಸೋಲ್ ಹಾಡಬೇಕು ಅಂತ ಕಾದಿದ್ದ ಕಾಲ ಅದು. ವಲಸಿಗ ತನ್ನ ಕುಲದ ಹಾಡನ್ನೇ ಹಾಡಬೇಕು ಅನ್ನುವ ನಿರೀಕ್ಷೆ ನಮಗೂ ಗೊತ್ತು. ಆಫೀಸಿನ ಗ್ಯಾದರಿಂಗ್‌ನಲ್ಲಿ ನನ್ನನ್ನು ಕರೆದು 'ಕುಛ್ ಸೌತ್ ಕಾ ಸುನಾವ್' ಅನ್ನದ ವರ್ಷವಿಲ್ಲ.

ಮುಂದಿನದು ಏಳುಬೀಳು. 1991ರಲ್ಲಿ ಮೈ ಬ್ಲಡಿ ವ್ಯಾಲಂಟೈನ್ ಎರಡು ವರ್ಷ ಹೆಣಗಿ, 19 ಸ್ಟುಡಿಯೊ ಸುತ್ತಿ 'ಲವ್‌ಲೆಸ್' ತಂದಿತು. 1993ರಲ್ಲಿ ಸ್ಲೋಡೈವ್‌ನ 'ಸೂವ್ಲಾಕಿ' ಬಂದಾಗ ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಗೇಲಿ ಮಾಡಿದವು. ಕಾಲಬುಡದ ಪೆಡಲುಗಳನ್ನು ನೋಡುತ್ತಾ ನುಡಿಸುವವರನ್ನು ಬೂಟು ನೋಡುವವರು ಅಂತ ಹೀಯಾಳಿಸಿದ್ದೇ ಶೂಗೇಜ್ ಹೆಸರಿನ ಮೂಲ. 1995ರಲ್ಲಿ ಕಂಪನಿ ಅವರನ್ನು ಕೈಬಿಟ್ಟಿತು. ಅವರು 2014ರಲ್ಲಿ ಮತ್ತೆ ಕೂಡಿದರು, 2017ರಲ್ಲಿ ಆಲ್ಬಮ್ ತಂದರು, 2023ರಲ್ಲಿ 'ಎವ್ರಿಥಿಂಗ್ ಈಸ್ ಅಲೈವ್'. ನಾನು ಬಸ್ಸಿನಲ್ಲಿ ಕೇಳಿದ್ದು ಅದನ್ನೇ. ಹಾಡುಗಾರ್ತಿ ರೇಚಲ್ ಗೋಸ್ವೆಲ್‌ಳ ತಾಯಿ, ಡ್ರಮ್ಮರ್ ಸೈಮನ್ ಸ್ಕಾಟ್‌ನ ತಂದೆ 2020ರಲ್ಲಿ ತೀರಿಕೊಂಡಿದ್ದರು; ಆಲ್ಬಮ್ ಅವರಿಬ್ಬರಿಗೆ ಅರ್ಪಣೆ. ಅದು ತಿಳಿದ ಮೇಲೆ ಇನ್ನೊಮ್ಮೆ ಕೇಳಿದೆ. ಮಾತು ಆಗಲೂ ತಿಳಿಯಲಿಲ್ಲ. ತಿಳಿಯದಿದ್ದರೂ ನಡೆಯುತ್ತದೆ ಅಂತ ಮೊದಲ ಸಲ ಅನ್ನಿಸಿತು.

ನಮ್ಮ ಕಡೆಯ ಮಾತಿಗೆ ಬರೋಣ. ಮುಂಬೈಯಲ್ಲಿ ಸ್ವಂತ ಬ್ಯಾಂಡ್ ಕಟ್ಟಿದವರಿಗೆ ಹೆಬ್ಬಾಗಿಲು ಧೋಬಿತಲಾವಿನ ರಂಗಭವನ. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಅಲ್ಲಿ ಬೆಳೆಯಿತು. ನಿಶ್ಶಬ್ದ ವಲಯದ ನಿಯಮದಿಂದ 2003ರಲ್ಲಿ ಅದರ ಬಾಗಿಲು ಮುಚ್ಚಿತು. 2007ರಲ್ಲಿ ಲೋವರ್ ಪರೇಲಿನ ಹಳೆಯ ಗಿರಣಿ ಆವರಣದಲ್ಲಿ ಬ್ಲೂ ಫ್ರಾಗ್ ತೆರೆಯಿತು, 2016ರಲ್ಲಿ ಅದೂ ಮುಗಿಯಿತು. ಖಾಡಿಯ ಈಚೆ ನಮಗೆ ಸಿಕ್ಕಿದ್ದು ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂ: 2019ರಲ್ಲಿ ಯು2, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ. ಆ ರಾತ್ರಿಗಳಲ್ಲಿ ಲೋಕಲ್ ರೈಲು ಹತ್ತುವುದೇ ಒಂದು ಸಾಹಸ. ಇನ್ನೂರು ಜನಕ್ಕೆ ನುಡಿಸುವ ಬ್ಯಾಂಡಿಗೆ ಮಹಾಪೆಯ ಸುತ್ತ ಒಂದು ಅಟ್ಟವನ್ನೂ ನಾನು ಕಂಡಿಲ್ಲ.

ಬೆಂಗಳೂರಿನಲ್ಲಿ ಲೌಂಜ್ ಪಿರಾನ್ಹಾ 2008ರಲ್ಲಿ 'ಗೋಯಿಂಗ್ ನೋವೇರ್' ತಂದಿತು. ಅದರ ಡ್ರಮ್ಮರ್ ಜಾರ್ಜ್ ಮ್ಯಾಥನ್ ಅಪ್ಪುಪೆನ್ ಅನ್ನುವ ಹೆಸರಿನಲ್ಲಿ ಚಿತ್ರಕಾದಂಬರಿ ಮಾಡುವವನು, ಅದೂ ಹೆಚ್ಚಾಗಿ ಮಾತಿಲ್ಲದವು. ದಿಲ್ಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯನ್ನು ಪೂರ್ತಿ ಡ್ರೀಮ್ ಪಾಪ್ ಅನ್ನಲಾರೆ. ಆದರೂ 2019ರ 'ಬಿಸ್ಮಿಲ್ಲಾ', 2024ರ 'ಬೀಟಾ' ಎರಡರಲ್ಲೂ ಪಕ್ಕದ ಮನೆಯ ಮದುವೆಯ ಬ್ಯಾಂಡನ್ನು ನಿದ್ದೆಗಣ್ಣಿನಲ್ಲಿ ಕೇಳಿದ ಹಾಗಿನ ಗುಂಗಿದೆ.

ನನ್ನನ್ನು ನಿಲ್ಲಿಸಿದ್ದು ಪರ್ವಾಜ್. 2010ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಬ್ಯಾಂಡ್. ಹಾಡುಗಾರ ಖಾಲಿದ್ ಅಹಮದ್, ಗಿಟಾರಿನ ಕಾಶಿಫ್ ಇಕ್ಬಾಲ್ ಕಾಶ್ಮೀರದಿಂದ ಬಂದವರು. 2014ರ 'ಬರಾನ್', 2019ರ 'ಕುನ್' ಆಲ್ಬಮ್‌ಗಳ ಭಾಷೆ ಉರ್ದು, ಕಾಶ್ಮೀರಿ. ಬೆಂಗಳೂರಿನಲ್ಲಿ ನಿಂತು ಕಾಶ್ಮೀರಿಯಲ್ಲಿ ಹಾಡಿದರೆ ಎಷ್ಟು ಜನಕ್ಕೆ ಅರ್ಥವಾದೀತು? ಅವರು ಹಾಗೆ ಯೋಚಿಸಿದಂತಿಲ್ಲ. ದನಿ ಉದ್ದಕ್ಕೆ ಎಳೆದು ಗಿಟಾರಿನೊಳಗೆ ಬೆರೆತುಹೋಗುತ್ತದೆ, ಕೇಳುವ ಹುಡುಗರು ಕಣ್ಣು ಮುಚ್ಚಿ ತೂಗುತ್ತಾರೆ. ಅದೇ ಊರಿನಲ್ಲಿ ಇದೇ ಬಗೆಯನ್ನು ನುಡಿಸುವ ಬ್ಯಾಂಡುಗಳು ಇಂಗ್ಲಿಷನ್ನು ಹಿಡಿದವು. ಮುಳುಗುವ ಹಾಡಿಗೆ ಕನ್ನಡವನ್ನು ಯಾಕೆ ಕರೆಯಲಿಲ್ಲ?

ಕನ್ನಡದಲ್ಲಿ ಸ್ವತಂತ್ರ ಆಲ್ಬಮ್ ಇಲ್ಲ ಅಂತಲ್ಲ. ಬಹಳ ಮೊದಲೇ ಇತ್ತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಸಿನಿಮಾ ಇಲ್ಲ, ಹೀರೊ ಇಲ್ಲ. ಒಬ್ಬ ಕವಿಯ ಸಾಲುಗಳನ್ನು ನಂಬಿ ಒಂದು ಧ್ವನಿಸುರುಳಿ. ಆಮೇಲೆ ಸಿ. ಅಶ್ವಥ್ ಕೆ.ಎಸ್. ನರಸಿಂಹಸ್ವಾಮಿಯವರನ್ನೂ ಶರೀಫರನ್ನೂ ಮನೆಮನೆಗೆ ಮುಟ್ಟಿಸಿದರು. ಇಂಗ್ಲಿಷಿನಲ್ಲಿ ಇಂಡಿ ಅಂದರೆ ಏನೋ ನಿನ್ನೆ ಹುಟ್ಟಿದ್ದು ಅಂದುಕೊಳ್ಳುವ ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು. ಆದರೆ ಸುಗಮ ಸಂಗೀತದ ಮೊದಲ ಕಟ್ಟಳೆ ಏನು? ಸಾಹಿತ್ಯ ಕೇಳಬೇಕು. ಒಂದು ಅಕ್ಷರವೂ ವಾದ್ಯದ ಕೆಳಗೆ ಹೋಗಬಾರದು. ಕವಿಗೆ ಮೋಸವಾಗಬಾರದು.

ಆ ಕಾಲವನ್ನು ನೆನೆದರೆ ಈ ಹಟ ಅರ್ಥವಾಗುತ್ತದೆ. ನಾಲ್ಕು ವರ್ಷದಲ್ಲಿ, 1982ಕ್ಕೆ, ಗೋಕಾಕ್ ಚಳವಳಿ ಬೀದಿಗೆ ಬಂತು. ಕನ್ನಡ ತನ್ನ ರಾಜಧಾನಿಯಲ್ಲೇ ಕೇಳಿಸುವಂತಾಗಬೇಕು ಅನ್ನುವುದು ಜನರ ಸಂಕಟವಾಗಿತ್ತು. ಕೇಳಿಸಲಿಕ್ಕಾಗಿ ಹೋರಾಡುವ ಭಾಷೆ ಹಾಡಿನಲ್ಲಿ ಗೊಣಗಲು ಹೇಗೆ ಒಪ್ಪೀತು? 2005ರಲ್ಲಿ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅಶ್ವಥರ ಎದುರು ಸೇರಿದ ಜನಸಾಗರ ಪದಕ್ಕೆ ಪದ ಕೂಡಿಸಿ ಹಾಡಿತು. ಡ್ರೀಮ್ ಪಾಪ್‌ಗೆ ಇದಕ್ಕಿಂತ ಎದುರು ದಿಕ್ಕು ಇರಲಾರದು. 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಮ್ ತಂದರು, ಅದೂ ಮುಂಬೈಯ ವಿಶಾಲ್-ಶೇಖರ್ ಅವರ ಕಂಪನಿಯಿಂದ. ಅಲ್ಲಿಯೂ ಕನ್ನಡ ಬಂದದ್ದು ಶರೀಫರ ಕೈಹಿಡಿದು, ಎದೆ ಸೆಟೆಸಿ, ಒತ್ತಕ್ಷರವೂ ತಪ್ಪದಂತೆ. ಮರುವರ್ಷ ಸ್ವರಾತ್ಮ ಬಂದಾಗಲೂ ಹಾಗೆಯೇ. ಅವೆಲ್ಲ ನನಗೆ ಇಷ್ಟ. ಡಾನ್ಸ್ ಬಾರದ ನಾನೂ ಕುಣಿದಿದ್ದೇನೆ.

ಇದನ್ನೆಲ್ಲ ಹುಡುಗನಿಗೆ ಹೇಳಿ, "ನಮ್ಮದರಲ್ಲಿ ಮಾತು ಮುಳುಗೋದಿಲ್ಲಪ್ಪ, ಅದು ನಮ್ಮ ಜಾಯಮಾನ ಅಲ್ಲ" ಅಂತ ತೀರ್ಪು ಕೊಟ್ಟುಬಿಟ್ಟೆ. ಅವನು ಸುಮ್ಮನಾದ. ನಾನು ಸೋತದ್ದು ಮನೆಗೆ ಬಂದ ಮೇಲೆ.

ಮಗಳು ಹೋಮ್‌ವರ್ಕ್ ಮಾಡುತ್ತಾ ಏನೋ ಗುನುಗುತ್ತಿದ್ದಳು. ಡೊಂಬಿವಲಿಯಲ್ಲೇ ಹುಟ್ಟಿದವಳು, ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಟಕ್ಕೆ ಹೋದರೆ ಮರಾಠಿ, ನಮ್ಮ ಕನ್ನಡ ಅವಳಿಗೆ ಗೋಡೆಯಾಚೆಯ ಮಾತಿನಷ್ಟು ಕೇಳುತ್ತದೆ. ಗುನುಗುತ್ತಿದ್ದದ್ದು ನನ್ನವ್ವ ಬೇಸಿಗೆಯಲ್ಲಿ ಬಂದಾಗ ಹಾಡಿದ ಬೀಸುಕಲ್ಲಿನ ಪದ. ಧಾಟಿ ತಪ್ಪಿರಲಿಲ್ಲ. ಮಾತು ಒಂದೂ ಇರಲಿಲ್ಲ. ತಿದ್ದಲು ಹೋದೆ, ನನಗೂ ಬರಲಿಲ್ಲ. ಮಾತಿನ ಪರ ವಾದಿಸುವ ನನಗೆ ನೆನಪಿದ್ದದ್ದು ಇಷ್ಟೇ: ಬೆಳಗಿನ ಕತ್ತಲು, ನಮ್ಮಾಯಿ ಕಲ್ಲು ತಿರುವುವ ಸದ್ದು, ಆ ಗರಗರದೊಳಗೆ ಮುಳುಗಿ ಏಳುವ ಅವಳ ದನಿ. ನಡುಮನೆಯಲ್ಲಿ ಹೊದ್ದು ಮಲಗಿದ ನನಗೆ ಆ ಪದ ಯಾವತ್ತೂ ಬಿಡಿಸಿ ಕೇಳಿಸಿದ್ದೇ ಇಲ್ಲ. ಕುಟ್ಟುವಾಗಿನ ಸುವ್ವಿ, ಕಥೆಯ ನಡುವಿನ ತಂದಾನ, ಇವುಗಳ ಅರ್ಥ ಯಾರು ಕೇಳಿದ್ದಾರೆ? ನಮ್ಮ ಜಾಯಮಾನ ಅಲ್ಲ ಅಂದೆನಲ್ಲ, ಹಿಟ್ಟಿನ ಗಿರಣಿ ಬರುವ ಮೊದಲು ಪ್ರತಿ ಮನೆಯಲ್ಲೂ ಅದು ಇತ್ತು. ಧ್ವನಿಸುರುಳಿಗೆ ಬರುವಾಗ ಕಲ್ಲಿನ ಸದ್ದು ತೆಗೆದುಹಾಕಿ, ಮಾತನ್ನು ತೊಳೆದು ಮೇಲಿಟ್ಟೆವು.

ಅವ್ವನಿಗೆ ಫೋನ್ ಮಾಡಿದೆ. "ಈಗ್ಯಾಕಪಾ ಅದು? ಎರಡ ಸಾಲ ಅಷ್ಟ ನೆನಪೈತಿ" ಅಂದಳು. ಎರಡು ಸಾಲು ಹಾಡಿ, ಮೂರನೆಯದಕ್ಕೆ ಬರೇ ಹೂಂಕಾರದಲ್ಲಿ ಮುಂದುವರಿಸಿದಳು. ಹಿಂದೆ ಫ್ಯಾನಿನ ಸದ್ದು, ಬೀದಿಯಲ್ಲಿ ಟ್ರ್ಯಾಕ್ಟರ್. ರೆಕಾರ್ಡ್ ಮಾಡಿಕೊಂಡೆ.

ಮರುದಿನ ಶಿಲ್‌ಫಾಟಾದಲ್ಲಿ ಬಸ್ಸು ನಿಂತಾಗ ಇಯರ್‌ಫೋನ್ ನಾನೇ ಚಾಚಿದೆ. ಹುಡುಗ ಎರಡು ಸಲ ಕೇಳಿದ.

"ಏನ್ ಹೇಳ್ತಿದಾರೆ ಸರ್ ಅಮ್ಮ?"

"ಎರಡು ಸಾಲು ಗೊತ್ತು. ಮಿಕ್ಕಿದ್ದು ಗೊತ್ತಿಲ್ಲ."

"ಆ ಟ್ರ್ಯಾಕ್ಟರ್ ತೆಗೀಬೇಡಿ ಸರ್, ಇರಲಿ. ಫೈಲ್ ಕಳಿಸ್ತೀರಾ? ಮನೇಲಿ ಗಿಟಾರ್ ಇದೆ."

ಅವ್ವನನ್ನು ಒಂದು ಮಾತು ಕೇಳಿ ಕಳಿಸುತ್ತೇನೆ ಅಂದೆ.