ಬಾರ್ನಿ ಕೆಸೆಲ್

ಬಾರ್ನಿ ಕೆಸೆಲ್ (ಅಕ್ಟೋಬರ್ ೧೭, ೧೯೨೩ – ಮೇ ೬, ೨೦೦೪) ಅಮೆರಿಕದ ಜಾಝ್ ಗಿಟಾರ್ ವಾದಕರು. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಇವರು ಸೆಷನ್ ವಾದಕರಾಗಿಯೂ, ಅಂದರೆ ಕರೆದವರ ಧ್ವನಿಮುದ್ರಣಕ್ಕೆ ಹೋಗಿ ಸಂಭಾವನೆ ಪಡೆದು ನುಡಿಸುವ ಕಲಾವಿದರಾಗಿಯೂ ದೀರ್ಘಕಾಲ ದುಡಿದರು.

ಆರಂಭಿಕ ಜೀವನ

ಕೆಸೆಲ್ ಒಕ್ಲಹೋಮ ರಾಜ್ಯದ ಮಸ್ಕೋಗಿಯಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಹಂಗೇರಿಯಿಂದ ವಲಸೆ ಬಂದ ತಂದೆಗೆ ಪಾದರಕ್ಷೆಯ ಅಂಗಡಿಯಿತ್ತು. ಬಾಲಕ ಕೆಸೆಲ್ ಪತ್ರಿಕೆ ಮಾರಿ ಕೂಡಿಸಿದ ಹಣದಿಂದ ಗಿಟಾರ್ ಕೊಂಡರು. ಹದಿಹರೆಯದಲ್ಲಿ ಕಪ್ಪು ವರ್ಣೀಯರ ವಾದ್ಯವೃಂದವೊಂದರಲ್ಲಿ ಏಕೈಕ ಬಿಳಿಯ ವಾದಕರಾಗಿದ್ದರು. ವಿದ್ಯುತ್ ಗಿಟಾರಿಗೆ ಜಾಝ್‌ನಲ್ಲಿ ಸ್ಥಾನ ಗಳಿಸಿಕೊಟ್ಟ ಚಾರ್ಲಿ ಕ್ರಿಶ್ಚಿಯನ್ ಇವರ ಆದರ್ಶ. ಅವರೊಡನೆ ಕುಳಿತು ನುಡಿಸಿದಾಗಲೇ, ತಾನು ಈವರೆಗೆ ಕಲಿತದ್ದೆಲ್ಲ ಅವರದೇ ಅನುಕರಣೆ ಎಂಬುದು ಕೆಸೆಲ್‌ಗೆ ಅರಿವಾಯಿತು.

ನೆರಳಿನಲ್ಲಿ

೧೯೪೨ರಲ್ಲಿ ಕೆಸೆಲ್ ಲಾಸ್ ಏಂಜಲೀಸ್ ಸೇರಿದರು. ೧೯೪೪ರಲ್ಲಿ ಗ್ಯೋನ್ ಮಿಲಿ ನಿರ್ದೇಶಿಸಿದ 'ಜಾಮಿನ್ ದ ಬ್ಲೂಸ್' ಎಂಬ ಕಿರುಚಿತ್ರದಲ್ಲಿ ಲೆಸ್ಟರ್ ಯಂಗ್ ಮೊದಲಾದವರೊಡನೆ ನುಡಿಸಿದರು. ಬಿಳಿಯರೂ ಕರಿಯರೂ ಒಟ್ಟಿಗೆ ನುಡಿಸುವುದನ್ನು ತೆರೆಯ ಮೇಲೆ ತೋರಿಸಲು ಚಿತ್ರಸಂಸ್ಥೆ ಹಿಂಜರಿಯಿತು. ಕೆಸೆಲ್‌ರನ್ನು ಕೈಬಿಡಲು ಚಿತ್ರದ ಸಂಗೀತದ ಹೊಣೆ ಹೊತ್ತಿದ್ದ ನಾರ್ಮನ್ ಗ್ರಾಂಜ್ ಒಪ್ಪಲಿಲ್ಲ. ಕೊನೆಗೆ ಕೆಸೆಲ್‌ರನ್ನು ನೆರಳಿನಲ್ಲಿ ಕೂರಿಸಿ, ಸಮೀಪದಿಂದ ಚಿತ್ರಿಸುವಾಗ ಅವರ ಕೈಗಳಿಗೆ ಹಣ್ಣಿನ ರಸ ಬಳಿದು ಕಪ್ಪಾಗಿಸಲಾಯಿತು. ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ಜಾಝ್ ಮತ್ತು ಸ್ಟುಡಿಯೋ

೧೯೪೭ರಲ್ಲಿ ಚಾರ್ಲಿ ಪಾರ್ಕರ್‌ರ ಧ್ವನಿಮುದ್ರಣದಲ್ಲಿ ಪಾಲ್ಗೊಂಡ ಕೆಸೆಲ್, ೧೯೫೨–೫೩ರಲ್ಲಿ ಆಸ್ಕರ್ ಪೀಟರ್ಸನ್‌ರ ತ್ರಿವಳಿ ತಂಡದಲ್ಲಿದ್ದರು. ೧೯೫೫ರಲ್ಲಿ ಜೂಲಿ ಲಂಡನ್ ಹಾಡಿದ 'ಕ್ರೈ ಮಿ ಎ ರಿವರ್' ಗೀತೆಗೆ ಇರುವುದು ಇವರ ಗಿಟಾರ್ ಮತ್ತು ರೇ ಲೆದರ್‌ವುಡ್‌ರ ಬೇಸ್, ಎರಡೇ ಪಕ್ಕವಾದ್ಯ. ಹಾಡುವವರ ಉಸಿರಿಗೆ ಎಡೆಬಿಟ್ಟು ನುಡಿಸುವ ಬಗೆಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ರೇ ಬ್ರೌನ್, ಶೆಲಿ ಮ್ಯಾನ್ ಅವರೊಡನೆ ೧೯೫೭ರಲ್ಲಿ ಮುದ್ರಿಸಿದ 'ದ ಪೋಲ್ ವಿನ್ನರ್ಸ್' ಎಂಬ ಹೆಸರು, ಮೂವರೂ ಪತ್ರಿಕೆಗಳ ವಾರ್ಷಿಕ ಮತದಾನದಲ್ಲಿ ಗೆದ್ದುದನ್ನು ಸೂಚಿಸುತ್ತದೆ.

ಗಿಟಾರ್ ವಾದಕನಾಗಬಯಸಿದ್ದ ಹುಡುಗ ಫಿಲ್ ಸ್ಪೆಕ್ಟರ್‌ಗೆ, ಧ್ವನಿಮುದ್ರಣ ನಿರ್ಮಾಣದತ್ತ ಹೊರಳುವಂತೆ ಸಲಹೆಯಿತ್ತವರು ಕೆಸೆಲ್. ಮುಂದೆ ಅದೇ ಸ್ಪೆಕ್ಟರ್ ನಿರ್ಮಿಸಿದ ಗೀತೆಗಳಿಗೆ ಕೆಸೆಲ್ ಸಂಭಾವನೆಗೆ ನುಡಿಸಿದರು. ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' (೧೯೬೬) ಮುದ್ರಣದಲ್ಲೂ ಇವರಿದ್ದರು. ಈ ಕೆಲಸಕ್ಕೆ ಸ್ವರಲಿಪಿಯನ್ನು ಕಂಡೊಡನೆ ಓದಿ ನುಡಿಸುವ ಸಾಮರ್ಥ್ಯ ಬೇಕಿತ್ತು, ಸಂಪಾದನೆ ಚೆನ್ನಾಗಿತ್ತು. ಆದರೆ ಅಂದಿನ ಪಾಪ್ ಧ್ವನಿಮುದ್ರಿಕೆಗಳ ಮೇಲೆ ಸೆಷನ್ ವಾದಕರ ಹೆಸರು ಅಚ್ಚಾಗುತ್ತಿದ್ದುದು ವಿರಳ. ಕೋಟ್ಯಂತರ ಜನ ಆಲಿಸಿದ ಕೈ ಯಾರದೆಂಬುದು ಬಹುಕಾಲ ಕೇಳುಗರಿಗೆ ತಿಳಿದಿರಲಿಲ್ಲ.

ಕೊನೆಯ ವರ್ಷಗಳು

೧೯೬೦ರ ದಶಕದ ಕೊನೆಯಲ್ಲಿ ಕೆಸೆಲ್ ಸ್ಟುಡಿಯೋ ಕೆಲಸದಿಂದ ದೂರ ಸರಿದು ಜಾಝ್ ಕಛೇರಿಗಳಿಗೆ ಮರಳಿದರು. ೧೯೭೩ರಿಂದ ಹರ್ಬ್ ಎಲಿಸ್, ಚಾರ್ಲಿ ಬರ್ಡ್ ಅವರೊಡನೆ 'ಗ್ರೇಟ್ ಗಿಟಾರ್ಸ್' ತಂಡದಲ್ಲಿ ನುಡಿಸಿದರು. ೧೯೯೨ರಲ್ಲಿ ಪಾರ್ಶ್ವವಾಯು ತಗಲಿ ಅವರ ವಾದನ ನಿಂತಿತು. ಮಿದುಳಿನ ಗಡ್ಡೆಯಿಂದ ಸ್ಯಾನ್ ಡಿಯಾಗೋದಲ್ಲಿ ನಿಧನರಾದಾಗ ಅವರಿಗೆ ೮೦ ವರ್ಷ.