ಎಂಆರ್‌ಐ ಎಂದರೆ ಅಮ್ಮನಿಗೆ ಭಯವೇ? ಹಿಂದಿನ ದಿನವೇ ಇದನ್ನು ಹೇಳಿ

‘ಎಂಆರ್‌ಐ ಮಾಡಿಸಿದರೆ ಮೈಗೆ ವಿಕಿರಣ ತಗಲುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಯಾರಿಗೂ ಕಳಿಸಬೇಡಿ. ಅದು ತಪ್ಪು. ಎಕ್ಸ್ ಕಿರಣ ಬಳಸುವುದು ಸಿಟಿ ಸ್ಕ್ಯಾನ್‌ನಲ್ಲಿ. ಎಂಆರ್‌ಐನಲ್ಲಿರುವುದು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗ.

ವಯಸ್ಸಾದವರನ್ನು ನಿಜವಾಗಿ ಹೆದರಿಸುವುದು ಇಕ್ಕಟ್ಟು ಮತ್ತು ಸದ್ದು. ‘ಏನೂ ಆಗಲ್ಲ, ಸುಮ್ಮನೆ ಮಲಗಮ್ಮ’ ಎಂದಷ್ಟೇ ಹೇಳಿ ಕಳಿಸಿದರೆ, ಟಕಟಕ ಸದ್ದು ಶುರುವಾದಾಗ ಯಂತ್ರವೇ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಅಲುಗಾಡಿದರೆ ಚಿತ್ರ ಮಸುಕಾಗಿ ಮತ್ತೆ ತೆಗೆಯಬೇಕಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಇದ್ದದ್ದನ್ನು ಇದ್ದಂತೆ ಹೇಳಿ: ಬಾಗಿಲು ಬಡಿದಂತೆ ಜೋರು ಸದ್ದು ಬರುತ್ತದೆ, ಕಿವಿ ಮುಚ್ಚಲು ಕೊಡುತ್ತಾರೆ, ಹೆಚ್ಚಾಗಿ 20ರಿಂದ 45 ನಿಮಿಷ ಹಿಡಿಯುತ್ತದೆ, ಕೈಗೆ ಕೊಡುವ ಬೆಲ್ ಒತ್ತಿದರೆ ಸಿಬ್ಬಂದಿ ಮಾತನಾಡುತ್ತಾರೆ. ಕಣ್ಣು ಮುಚ್ಚಿಕೊಂಡೇ ಒಳಗೆ ಹೋದರೆ ಇಕ್ಕಟ್ಟು ಅಷ್ಟಾಗಿ ಕಾಡದು.

ಪೇಸ್‌ಮೇಕರ್, ಮಿದುಳಿನ ಕ್ಲಿಪ್, ಹಳೆಯ ಆಪರೇಷನ್‌ನಲ್ಲಿ ಹಾಕಿದ ರಾಡ್ ಏನಿದ್ದರೂ ಮೊದಲೇ ತಿಳಿಸಿ, ಕಾಗದ ತೋರಿಸಿ. ಇದರಲ್ಲಿ ಸಂಕೋಚ ಬೇಡ, ಇದು ಜೀವದ ಪ್ರಶ್ನೆ. ತಾಳಿ ತೆಗೆಯಲು ಅನೇಕ ತಾಯಂದಿರು ಒಪ್ಪುವುದಿಲ್ಲ. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ವಾದ ಮಾಡುವ ಬದಲು, ಮನೆಯಲ್ಲೇ ಅರಿಶಿನ ಕೊಂಬಿನ ದಾರ ಕಟ್ಟಿಕೊಳ್ಳಲಿ.

ಅಷ್ಟಾದರೂ ಭಯ ಹೋಗದಿದ್ದರೆ ವೈದ್ಯರು ಲಘು ಔಷಧಿ ಕೊಡಬಹುದು. ಮನೆಯಲ್ಲಿರುವ ನಿದ್ದೆಮಾತ್ರೆ ನೀವಾಗಿ ಕೊಡಬೇಡಿ. ಕೆಲವೆಡೆ ಒಬ್ಬರಿಗೆ ಜೊತೆಯಲ್ಲಿ ಕೂರಲು ಬಿಡುತ್ತಾರೆ, ಕೇಳಿ ನೋಡಿ. ಆಗ ನಿಮ್ಮ ಮೊಬೈಲ್, ಕೀಲಿಕೈ ಕೂಡ ಹೊರಗೇ ಇರಬೇಕು.